ಮಳೆನಾಡಿನ ಮರುಭೂಮಿ: ಪರ್ಕಳದ ಪದವಿನಿಂದ ಸ್ವರ್ಣಾ ನದಿಗೆ ಒಂದು ಹಗಲಿನ ನಡಿಗೆ

ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಾಜಸ್ಥಾನದ ಮರಳು ದಿಬ್ಬಗಳು. ಇಲ್ಲವೆ ಅಮೆರಿಕದ ಅರಿಜೋನಾ ರಾಜ್ಯದ ಕೆಂಪು ಕಂದರಗಳು. ಬೆನ್ನಿಗೊಂದು ಗಂಟು ಕಟ್ಟಿಕೊಂಡು ಅಂಥ ನಾಡಿನಲ್ಲಿ ದಿನಗಟ್ಟಲೆ ನಡೆಯುವ ಉತ್ಸಾಹಿಗಳು ಉಂಟು. ಅರಿಜೋನಾವನ್ನು ದಕ್ಷಿಣದಿಂದ ಉತ್ತರಕ್ಕೆ ಹಾಯುವ ಕಾಲುದಾರಿಯೊಂದರ ಉದ್ದವೇ ಸುಮಾರು 1,280 ಕಿಲೋಮೀಟರು. ಆ ದಾರಿ ಕೊಲರಾಡೊ ನದಿಯ ಮಹಾಕಂದರಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಅಲ್ಲಿ ನಡೆಯುವವನ ಮನಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಪ್ರಶ್ನೆ: ಮುಂದಿನ ನೀರು ಎಲ್ಲಿದೆ?

ಉಡುಪಿಯಿಂದ ಮಣಿಪಾಲದ ಮೇಲಾಗಿ ಆಗುಂಬೆ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಣಿಪಾಲವನ್ನು ದಾಟಿದೊಡನೆ ಸಿಗುವ ಊರು ಪರ್ಕಳ. ಇದು ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಸೀಮೆ. ಮರುಭೂಮಿಯ ಮಾತಿಗೂ ಈ ಊರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ದಿನ ನಾವು ಪರ್ಕಳದಿಂದ ಹೊರಟು, ಪದವುಗಳನ್ನು ಹಾದು, ಬೈಲಿಗಿಳಿದು, ಸ್ವರ್ಣಾ ನದಿಯ ದಡವನ್ನು ಹಿಡಿದು, ಹೊಳೆಯ ಮೇಲ್ಮುಖವಾಗಿ ಹಿರಿಯಡ್ಕದ ಕಡೆಗೆ ನಡೆದೆವು. ಸುತ್ತುಬಳಸು ಸೇರಿ ದಾರಿ ಇಪ್ಪತ್ತು ಕಿಲೋಮೀಟರಿಗೆ ಹೆಚ್ಚೇನೂ ಇರಲಿಲ್ಲ. ಆದರೆ ಆ ಒಂದು ಹಗಲಿನಲ್ಲಿ ನಮ್ಮ ಮನಸ್ಸನ್ನು ಆವರಿಸಿದ್ದೂ ಅದೇ ಪ್ರಶ್ನೆ: ಮುಂದಿನ ನೀರು ಎಲ್ಲಿದೆ? ನಾಲ್ಕು ಮೀಟರು ಮಳೆ ಬೀಳುವ ನೆಲದಲ್ಲಿ ಈ ಪ್ರಶ್ನೆ ಏಕೆ ಏಳಬೇಕು? ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾವು ಮೂವರಿದ್ದೆವು: ನಾವು, ನಮ್ಮ ಸ್ನೇಹಿತರೊಬ್ಬರು, ಮತ್ತು ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ಸೋದರಳಿಯ. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಒಬ್ಬೊಬ್ಬರಿಗೆ ಎರಡು ಲೀಟರು ನೀರು, ಒಂದೇ ತೆರನಾದ ಎರಡು ಉಷ್ಣಮಾಪಕಗಳು. ಒಂದರ ಬುರುಡೆಗೆ ಹತ್ತಿಯ ಬಟ್ಟೆ ಸುತ್ತಿ ನೀರಿನಲ್ಲಿ ತೋಯಿಸಿದ್ದೆವು. ಈ ಸರಳ ಉಪಕರಣದ ಉಪಯೋಗ ಮುಂದೆ ತಿಳಿಯುವುದು.

ಪದವಿನ ಮೇಲೆ

ಕತ್ತಲು ಹರಿಯುವ ಹೊತ್ತಿಗೆ ಊರು ಬಿಟ್ಟೆವು. ಗೇರು ತೋಪುಗಳನ್ನು ದಾಟಿದ ಮೇಲೆ ಪದವು ಎದುರಾಯಿತು. ತುಳುನಾಡಿನಲ್ಲಿ ಪದವು ಎಂದರೆ ಎತ್ತರದಲ್ಲಿ ಹರಡಿದ ಚಪ್ಪಟೆ ಬಯಲು. ಬೋಳು ಬಯಲಿಗೆ ಅಡ್ಕ ಎಂಬ ಇನ್ನೊಂದು ಹೆಸರೂ ಉಂಟು. ಹಿರಿಯಡ್ಕ ಎಂಬ ಊರ ಹೆಸರಿನಲ್ಲಿ ಅದು ಕೇಳಿಸುತ್ತದೆ. ಮಣಿಪಾಲವೂ ಇಂಥದೇ ಒಂದು ಪದವಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 75 ಮೀಟರು ಎತ್ತರದಲ್ಲಿ ಬೆಳೆದ ಊರು.

ಪದವಿನ ನೆಲ ಮುರಕಲ್ಲು. ಕೆಂಪು, ಕಂದು, ಹಳದಿ ಬಣ್ಣಗಳು ಬೆರೆತು, ಮೈತುಂಬ ತೂತುಗಳಿರುವ ಈ ಕಲ್ಲನ್ನು ಘಟ್ಟದ ಕೆಳಗಿನವರೆಲ್ಲ ಬಲ್ಲರು. ಇಲ್ಲಿನ ಮನೆಗಳ ಗೋಡೆ, ತೋಟದ ಬೇಲಿ, ಬಾವಿಯ ಕಟ್ಟೆ ಎಲ್ಲವೂ ಇದರದೇ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು ಅಚ್ಚರಿಪಟ್ಟನು. ನೆಲದೊಳಗಿರುವಾಗ ಕಬ್ಬಿಣದ ಆಯುಧದಿಂದ ಕಡಿಯುವಷ್ಟು ಮೆದು. ಕಡಿದು ಗಾಳಿಬಿಸಿಲಿಗೆ ಒಡ್ಡಿದರೆ ಇಟ್ಟಿಗೆಯಂತೆ ಗಟ್ಟಿ! ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎನ್ನುವುದರಿಂದ ಅವನು ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅವನ ಪ್ರವಾಸಗ್ರಂಥ ಅಚ್ಚಾದಂದಿನಿಂದ ಜಗತ್ತೆಲ್ಲ ಆ ಹೆಸರನ್ನೇ ಬಳಸುತ್ತಿದೆ.

ಮುರಕಲ್ಲು ಹುಟ್ಟಿದ ಬಗೆ ವಿಚಿತ್ರವಾದುದು. ಇದು ಬೇರೆಡೆಯಿಂದ ಬಂದು ಬಿದ್ದ ಕಲ್ಲಲ್ಲ. ಇಲ್ಲಿಯೇ ಇದ್ದ ಹಳೆಯ ಕಲ್ಲು ಕೊಳೆತು ಉಳಿದ ಶೇಷ. ನಾಲ್ಕು ತಿಂಗಳು ಧಾರಾಕಾರ ಮಳೆ, ಅನಂತರ ಬಿಸಿಲು. ಹೀಗೆ ಲಕ್ಷಾಂತರ ವರ್ಷ ನಡೆದಾಗ, ಒಳಗಿಳಿಯುವ ಬೆಚ್ಚಗಿನ ನೀರು ಕಲ್ಲಿನಲ್ಲಿರುವ ಸುಣ್ಣ, ಪೊಟಾಸಿಯಮ್, ಸೋಡಿಯಮ್‌ಗಳನ್ನು ಮೊದಲು ಕರಗಿಸಿ ಒಯ್ಯುತ್ತದೆ. ಬಳಿಕ ಸಿಲಿಕವನ್ನೂ ಒಯ್ಯುತ್ತದೆ. ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಆಕ್ಸೈಡುಗಳು ಮಾತ್ರ ಉಳಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಂಪು ಬಣ್ಣ ಕಬ್ಬಿಣದ್ದು. ತೂತುಗಳು ಕರಗಿಹೋದುದರ ಗುರುತು. ಗಿಡಕ್ಕೆ ಬೇಕಾದ ಸಾರವೆಲ್ಲ ಹೀಗೆ ಕೊಚ್ಚಿಹೋದ ಮೇಲೆ ಮಣ್ಣೂ ನಿಲ್ಲದ ಈ ಕಲ್ಲುಹಾಸಿನ ಮೇಲೆ ದೊಡ್ಡ ಮರ ಬೇರೂರುವುದು ಹೇಗೆ? ಮಳೆಯೇ ಮಾಡಿದ ಮರುಭೂಮಿ ಇದು.

ಇದನ್ನು ಸತ್ತ ನೆಲವೆಂದು ಮಾತ್ರ ಭಾವಿಸಬಾರದು. ಮಳೆಗಾಲದಲ್ಲಿ ಪದವಿನ ಕುಳಿಗಳಲ್ಲಿ ನೀರು ನಿಂತಾಗ ಬೆರಳುದ್ದದ ಗಿಡಗಳು ಸಾವಿರಗಟ್ಟಲೆ ಏಳುತ್ತವೆ. ಅವುಗಳಲ್ಲಿ ಕೆಲವು ಹುಳುಗಳನ್ನು ಹಿಡಿದು ತಿನ್ನುವಂಥವು. ನೆಲದಲ್ಲಿ ಸಿಗದ ಸಾರಜನಕವನ್ನು ಅವು ಹುಳುಗಳಿಂದ ಪಡೆಯುತ್ತವೆ. ಅಕ್ಟೋಬರ್ ಕಳೆದರೆ ಅವೆಲ್ಲ ಬೀಜವಾಗಿ ಮಲಗುತ್ತವೆ. ನಾವು ಹೋದಾಗ ಕಂಡ ಹಸಿರು ಕೇಪುಳದ ಪೊದೆ, ಕುಂಟಲದ ಪೊದೆ ಇಷ್ಟೇ.

ಟಿಟ್ಟಿಭದ ಉಪಾಯ

ಪದವಿನ ನಡುವೆ ಒಂದು ಟಿಟ್ಟಿಭ ಹಕ್ಕಿ ಕೂಗುತ್ತ ನಮ್ಮ ತಲೆಯ ಮೇಲೆ ಸುತ್ತಿತು. ಅದರ ಗೂಡು ಹತ್ತಿರವಿರಬೇಕೆಂದು ದೂರ ಸರಿದೆವು. ಗೂಡೆಂದರೆ ಬರಿಯ ನೆಲದ ಮೇಲಿನ ಕಲ್ಲುಚೂರುಗಳ ಒಂದು ತಗ್ಗು, ನೆರಳಿಲ್ಲ, ಮರೆಯಿಲ್ಲ. ಕಾದ ಕಲ್ಲಿನ ಮೇಲೆ ಮೊಟ್ಟೆ ಬೇಯದೆ ಉಳಿಯುವುದು ಹೇಗೆ? ಬಿಸಿಲೇರಿದಾಗ ತಾಯಿಹಕ್ಕಿಯೋ ತಂದೆಹಕ್ಕಿಯೋ ನೀರಿರುವಲ್ಲಿಗೆ ಹಾರಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಗರಿಯ ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ, ಮೊಟ್ಟೆ ತಂಪಾಗುತ್ತದೆ. ಪಕ್ಷಿವೀಕ್ಷಕರು ಇದನ್ನು ಹಲವು ಬಾರಿ ಕಂಡು ದಾಖಲಿಸಿದ್ದಾರೆ.

ಮನುಷ್ಯನ ದೇಹವೂ ಇದೇ ಉಪಾಯವನ್ನು ನಂಬಿದೆ. ಸ್ವಲ್ಪ ಲೆಕ್ಕ ಹಾಕೋಣ. ಅರುವತ್ತು ಕಿಲೋಗ್ರಾಂ ತೂಗುವವನೊಬ್ಬ ಗಂಟೆಗೆ ಐದು ಕಿಲೋಮೀಟರಿನಂತೆ ನಡೆದರೆ ಅವನ ದೇಹ ಗಂಟೆಗೆ ಸುಮಾರು 250 ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತದೆ. ಅದರಲ್ಲಿ ಸುಮಾರು 200 ಬರಿಯ ಶಾಖ. ಅವನ ಮೈಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದುದು ಸುಮಾರು 50 ಕಿಲೋಕ್ಯಾಲೊರಿ. ಆ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಒಂದು ಗಂಟೆಯಲ್ಲಿ ಮೈ ನಾಲ್ಕು ಡಿಗ್ರಿ ಏರಿ, 37ರಿಂದ 41ಕ್ಕೆ ಹೋಗುವುದು. ಅದು ಪ್ರಾಣಕ್ಕೆ ಅಪಾಯದ ಮಟ್ಟ.

ಕಾಯುವುದು ಬೆವರು. ಒಂದು ಲೀಟರು ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಹಾಗಾದರೆ ನಮ್ಮ ನಡಿಗೆಯವನಿಗೆ ಗಂಟೆಗೆ ಲೀಟರಿನ ಮೂರನೆಯ ಒಂದು ಪಾಲು ಬೆವರು ಸಾಕು. ಆದರೆ ‘ಪೂರ್ತಿಯಾಗಿ ಆವಿಯಾದರೆ’ ಎಂಬ ಮಾತನ್ನು ಗಮನಿಸಬೇಕು. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು ಯಾವ ಶಾಖವನ್ನೂ ಒಯ್ಯುವುದಿಲ್ಲ, ಅದು ವ್ಯರ್ಥ.

ಎರಡು ಉಷ್ಣಮಾಪಕಗಳು ಹೇಳಿದ ಕಥೆ

ಬೆವರು ಎಷ್ಟರಮಟ್ಟಿಗೆ ಆವಿಯಾದೀತು ಎಂಬುದನ್ನು ತಿಳಿಸುವುದೇ ನಮ್ಮ ಜೋಡಿ ಉಷ್ಣಮಾಪಕದ ಕೆಲಸ. ಒಣ ಬುರುಡೆ ಗಾಳಿಯ ಉಷ್ಣತೆಯನ್ನು ತೋರಿಸುತ್ತದೆ. ಹಸಿ ಬುರುಡೆಯ ಬಟ್ಟೆಯಿಂದ ನೀರು ಆವಿಯಾಗುತ್ತಿರುವುದರಿಂದ ಅದು ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಎರಡರ ಅಂತರ ಹೆಚ್ಚಾದಷ್ಟೂ ಗಾಳಿ ಒಣದು, ಬೆವರಿಗೆ ಬಲ ಹೆಚ್ಚು. ಅಂತರ ಕುಗ್ಗಿದಷ್ಟೂ ಗಾಳಿಯಲ್ಲಿ ತೇವ ತುಂಬಿದೆಯೆಂದು ತಿಳಿಯಬೇಕು.

ಹನ್ನೊಂದೂವರೆ ಗಂಟೆಗೆ ಒಂದು ಗೇರುಮರದ ನೆರಳಿನಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿ ನೋಡಿದೆವು. ಒಣ ಬುರುಡೆ 33 ಡಿಗ್ರಿ ಸೆಲ್ಸಿಯಸ್. ಹಸಿ ಬುರುಡೆ 28. ಅರಿಜೋನಾದ ಕಂದರದಲ್ಲಿ ಬೇಸಗೆಯ ಮಧ್ಯಾಹ್ನ ಗಾಳಿ 40 ಡಿಗ್ರಿ ಇದ್ದು, ಆರ್ದ್ರತೆ ನೂರಕ್ಕೆ ಹದಿನೈದರಷ್ಟಿದ್ದರೆ ಹಸಿ ಬುರುಡೆ ಸುಮಾರು 21ರಲ್ಲಿ ನಿಲ್ಲುವುದು. ಏಳು ಡಿಗ್ರಿ ತಂಪಾಗಿ ತೋರುವ ನಮ್ಮ ಕರಾವಳಿ, ಬೆವರಿನ ದೃಷ್ಟಿಯಿಂದ ಏಳು ಡಿಗ್ರಿ ಹೆಚ್ಚು ಬಿಸಿ! ರಾಯಚೂರಿನ ಮಣ್ಣಿನ ಹೂಜಿಯಲ್ಲಿ ಬೇಸಗೆಯ ನೀರು ಕೊರೆಯುವಂತಿರುತ್ತದೆ. ಅದೇ ಹೂಜಿ ಉಡುಪಿಯಲ್ಲಿ ನೀರನ್ನು ಸ್ವಲ್ಪವೇ ತಂಪು ಮಾಡುವುದು. ಕಾರಣ ಒಂದೇ. ಹಸಿ ಬುರುಡೆ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವೇ ಗಂಟೆಗಳಲ್ಲಿ ಬದುಕುವುದು ಕಷ್ಟವೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಮನುಷ್ಯರ ಮೇಲೆ ಅನಂತರ ನಡೆದ ಪರೀಕ್ಷೆಗಳಲ್ಲಿ, ದೇಹವು ತನ್ನ ಉಷ್ಣತೆಯನ್ನು ಹಿಡಿದಿಡಲಾರದ ಮಿತಿ ಅದಕ್ಕೂ ಕೆಳಗೇ ಕಂಡುಬಂದಿದೆ.

ಹಾಗೆಂದು ಮರುಭೂಮಿ ಸುಖದ ತಾಣವಲ್ಲ. ಅಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವುದರಿಂದ ಅದೂ ಮೈಯನ್ನು ಕಾಯಿಸುತ್ತದೆ. ನಡೆಯುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬೇಕಾಗುವುದು. ಆ ಬೆವರು ಹುಟ್ಟಿದೊಡನೆ ಆರುವುದರಿಂದ ತನ್ನ ಮೈಯ ನೀರು ಖರ್ಚಾಗುತ್ತಿದೆಯೆಂಬ ಅರಿವೇ ಅವನಿಗಿರದು. ಅಂಗಿಯ ಮೇಲೆ ಉಪ್ಪಿನ ಬಿಳಿಗೆರೆ ಕಂಡಾಗಲೇ ತಿಳಿಯುವುದು. ಇಲ್ಲಿ ಬೆವರು ಕಾಣುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಅಲ್ಲಿ ಕೆಲಸ ಮಾಡುತ್ತದೆ, ಆದರೆ ಕಾಣುವುದಿಲ್ಲ. ನೀರಿನ ನಷ್ಟ ಎರಡು ಕಡೆಯೂ ಒಂದೇ.

ಒಂದು ಎಚ್ಚರಿಕೆ

ಈ ಲೆಕ್ಕ ಬರಿಯ ಪುಸ್ತಕದ ಲೆಕ್ಕವಲ್ಲವೆಂಬುದು ಆ ಹೊತ್ತಿಗೇ ನಮಗೆ ತಿಳಿಯಿತು. ನಮ್ಮ ಸೋದರಳಿಯ ಬೆಳಗಿನಿಂದ ಚುರುಕಾಗಿ ಮುಂದೆ ಮುಂದೆ ನಡೆದಿದ್ದ; ನೀರು ಕುಡಿಯೆಂದರೆ ಬಾಯಾರಿಕೆಯಿಲ್ಲವೆಂದಿದ್ದ. ಗೇರುಮರದ ಕೆಳಗಿನಿಂದ ಏಳುವಾಗ ಅವನ ಕಾಲು ತಡವರಿಸಿತು. ತಲೆನೋವೆಂದ; ವಾಕರಿಕೆ ಬಂತು; ಮುಖ ಬಿಳಿಚಿತು; ಮೈ ಮಾತ್ರ ಬೆವರಿನಿಂದ ತೊಯ್ದಿತ್ತು. ನೆರಳಿನಲ್ಲಿ ಮಲಗಿಸಿ, ಕಾಲನ್ನು ಚೀಲದ ಮೇಲೆ ಎತ್ತರಿಸಿ, ಅಂಗಿ ಸಡಿಲಿಸಿ, ಟಿಟ್ಟಿಭದ ಪಾಠವನ್ನು ನೆನೆದು ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು, ಎದೆಗಳನ್ನು ಒರಸುತ್ತ ಬೀಸಣಿಗೆ ಹಾಕಿದೆವು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡ. ಇದು ಶಾಖದ ಬಳಲಿಕೆ. ಇದನ್ನು ಅಲಕ್ಷಿಸಿ ನಡೆದರೆ ಮುಂದಿನ ಮೆಟ್ಟಿಲು ಶಾಖಾಘಾತ. ಆಗ ಮೈಯ ಉಷ್ಣತೆ 40 ಡಿಗ್ರಿ ದಾಟುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಆ ಸ್ಥಿತಿಯಲ್ಲಿ ಒಂದು ಕ್ಷಣವನ್ನೂ ಕಳೆಯದೆ ಮೈಮೇಲೆ ನೀರು ಸುರಿದು ತಂಪು ಮಾಡುತ್ತ ಆಸ್ಪತ್ರೆಗೆ ಸಾಗಿಸಬೇಕು. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ನೀರು ಹಾಕಬಾರದು.

ಪದವಿನ ಇಳಿಜಾರಿನಲ್ಲಿ ಒಂದು ಹೆಂಚಿನ ಮನೆ ಕಂಡಿತು. ಜಗಲಿಯಲ್ಲಿದ್ದ ಅಜ್ಜಿ ಹುಡುಗನ ಮುಖ ನೋಡಿದವರೇ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬು ನೀರು ತಂದಿಟ್ಟರು. ಬಳಿಕ ಉಪ್ಪು ಹಾಕಿದ ಮಜ್ಜಿಗೆ. ದಾರಿಹೋಕರಿಗೆ ಬೆಲ್ಲ ನೀರು ಕೊಡುವುದು ಈ ಸೀಮೆಯ ಹಳೆಯ ಪದ್ಧತಿ. ಅದರಲ್ಲಿ ಶರೀರಶಾಸ್ತ್ರವೂ ಇದೆ. ಕರುಳು ಸೋಡಿಯಮ್ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಬೆವರಿನೊಡನೆ ಉಪ್ಪೂ ಹೋಗಿರುವುದರಿಂದ, ದಿನವಿಡೀ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಮ್ ಇಳಿದು ಬೇರೊಂದು ಅಪಾಯ ಒದಗೀತು. ಒಂದು ಲೀಟರು ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಚಹಾ ಚಮಚೆಯಲ್ಲಿ, ಮಟ್ಟಸವಾಗಿ) ಎಂಬ ಸೂತ್ರವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಉಪ್ಪಿನಕಾಯಿಯೊಡನೆ ಗಂಜಿ ಉಂಡು ಗದ್ದೆಗೆ ಹೋಗುತ್ತಿದ್ದ ಹಿರಿಯರು ಸೂತ್ರವಿಲ್ಲದೆಯೇ ಇದನ್ನು ಪಾಲಿಸಿದ್ದರು.

ನಮ್ಮ ಪಾತ್ರೆಗಳಿಗೆ ನೀರು ತುಂಬಲು ಬಾವಿಯ ಬಳಿ ಹೋದೆವು. ಅಜ್ಜಿ ತುಳುವಿನಲ್ಲಿ ಹೇಳಿದ ಮಾತಿನ ಸಾರ ಇಷ್ಟು: “ಆಟಿ ತಿಂಗಳಲ್ಲಿ ಈ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುತ್ತದೆ, ಮಗಾ. ಈಗ ಹಗ್ಗಕ್ಕೆ ಹಗ್ಗ ಕಟ್ಟಿದರೂ ಕೊಡದ ತಳ ಮಾತ್ರ ಒದ್ದೆಯಾಗುತ್ತದೆ.” ಅವರು ನಮಗೆ ಕೊಟ್ಟದ್ದು ಬೆಳಗ್ಗೆ ಸೇದಿ ಇಟ್ಟುಕೊಂಡಿದ್ದ ನೀರು.

ನಾಲ್ಕು ಮೀಟರು ಮಳೆ ಎಲ್ಲಿ ಹೋಯಿತು?

4,000 ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರು ನೆಲದ ಮೇಲೆ ವರ್ಷಕ್ಕೆ 4,000 ಲೀಟರು. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಬೀಳುವುದೇ ನಾಲ್ಕು ಲಕ್ಷ ಲೀಟರು! ಆ ಅಜ್ಜಿಯ ಮಾಡಿನ ಮೇಲೆ ಅಷ್ಟು ಬಿದ್ದೂ ಏಪ್ರಿಲಿನಲ್ಲಿ ಕೊಡ ತುಂಬದೆಂದರೆ ಎಂಥ ವಿಪರ್ಯಾಸ!

ಮೊದಲನೆಯ ಕಾರಣ, ಮಳೆ ಬೀಳುವ ಕಾಲ. ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರದೊಳಗೆ ಸುರಿಯುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆಕಾಶ ಬಹುಮಟ್ಟಿಗೆ ಖಾಲಿ.

ಎರಡನೆಯ ಕಾರಣ, ಮುರಕಲ್ಲಿನ ಗುಣ. ಪದವಿನ ಗಟ್ಟಿ ಮುಚ್ಚಳದ ಮೇಲೆ ಬಿದ್ದ ನೀರಿನ ಒಂದು ಪಾಲು ತಡೆಯಿಲ್ಲದೆ ಹರಿದುಹೋಗುತ್ತದೆ. ಬಿರುಕು, ತೂತುಗಳಲ್ಲಿ ಇಳಿದ ಪಾಲು ಕೆಳಗೆ ಶೇಡಿಮಣ್ಣನ್ನು ಮುಟ್ಟುತ್ತದೆ. ಮನೆಯ ಗೋಡೆಗೆ ಬಳಿಯಲು, ಅಂಗಳದಲ್ಲಿ ರೇಖೆ ಬರೆಯಲು ಬಳಸುವ ಬಿಳಿಯ ನುಣುಪಾದ ಮಣ್ಣು ಅದೇ. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಮುರಕಲ್ಲಿಗೂ ಶೇಡಿಗೂ ನಡುವೆ ನೀರು ಅಡ್ಡಡ್ಡವಾಗಿ ಹರಿದು ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ಅಂದರೆ ಪದವು ಒಂದು ದೊಡ್ಡ ಸ್ಪಂಜು. ಆದರೆ ಬದಿಗಳೆಲ್ಲ ಸೋರುವ ಸ್ಪಂಜು. ನವೆಂಬರಿನಲ್ಲಿ ಭೋರ್ಗರೆಯುವ ಒರತೆ ಮಾರ್ಚಿನಲ್ಲಿ ಹನಿಯುವುದು ಇದಕ್ಕಾಗಿಯೇ.

ಈ ಗುಟ್ಟನ್ನು ಅರಿತ ಹಿಂದಿನವರು ಎರಡು ಸೊಗಸಾದ ಉಪಾಯಗಳನ್ನು ಕಂಡುಕೊಂಡಿದ್ದರು. ಮೊದಲನೆಯದು ಸುರಂಗ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರಕ್ಕೆ, ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡವಾಗಿ ಕೊರೆಯುತ್ತಾರೆ. ಒಳಗೆ ಸಿಕ್ಕ ಒಸರು ತಾನಾಗಿ ಹೊರಗೆ ಹರಿದು ಬರುತ್ತದೆ, ಸೇದುವ ಕೆಲಸವಿಲ್ಲ. ಮರುಭೂಮಿಯ ನಾಡಾದ ಪರ್ಷಿಯದ ‘ಕನಾತ್’ಗಳನ್ನು ಇದು ಹೋಲುತ್ತದೆ. ಎರಡನೆಯದು ಮದಕ: ಗುಡ್ಡದ ಮೇಲ್ಭಾಗದ ತಗ್ಗಿಗೆ ಮಣ್ಣಿನ ಕಟ್ಟೆ ಹಾಕಿ ಮಳೆನೀರನ್ನು ನಿಲ್ಲಿಸುವ ಕೆರೆ. ಮದಕದ ನೀರನ್ನು ಕುಡಿಯುವುದಲ್ಲ, ಇಂಗಿಸುವುದು. ಅದರ ಫಲ ಕೆಳಗಿನ ಬಾವಿಗಳಲ್ಲಿ ಕಾಣುವುದು.

ನಮ್ಮಲ್ಲಿ ಮಹಾಕಂದರ ಏಕಿಲ್ಲ?

ಮೂರು ಗಂಟೆಯ ಸುಮಾರಿಗೆ ಪದವಿನಿಂದ ಇಳಿದೆವು. ಇಳಿಯುವಾಗ ನೆಲದ ಹೆಸರು ಬದಲಾಗುತ್ತ ಹೋಗುತ್ತದೆ. ಮೇಲೆ ಮಳೆಯೊಂದನ್ನೇ ನಂಬಿದ ಬೆಟ್ಟು ಗದ್ದೆ, ನಡುವೆ ಮಜಲು, ತಳದಲ್ಲಿ ಬಹುಕಾಲ ನೀರಿರುವ ಬೈಲು. ಕುಂಜಿಬೆಟ್ಟು, ಬೈಲೂರು ಮೊದಲಾದ ಊರ ಹೆಸರುಗಳಲ್ಲಿ ಈ ನೀರಿನ ಲೆಕ್ಕವೇ ಉಳಿದುಕೊಂಡಿದೆ. ಬೈಲಿನಾಚೆ ತೆಂಗು ಕಂಗುಗಳ ಸಾಲು, ಅದರಾಚೆ ಸ್ವರ್ಣೆ.

ದಡದಲ್ಲಿ ಕುಳಿತು ಸೋದರಳಿಯ ಒಂದು ಒಳ್ಳೆಯ ಪ್ರಶ್ನೆ ಕೇಳಿದ: “ಮಾವ, ಅಷ್ಟು ಒಣನಾಡಿನ ನದಿ ಅಷ್ಟು ಆಳ ಕೊರೆಯಿತು. ಇಷ್ಟು ಮಳೆಯ ನಮ್ಮ ಹೊಳೆ ಏಕೆ ಕೊರೆಯಲಿಲ್ಲ?”

ಕೊಲರಾಡೊ ನದಿಯ ಮಹಾಕಂದರದ ಉದ್ದ ಸುಮಾರು 446 ಕಿಲೋಮೀಟರು. ಆಳ ಕೆಲವೆಡೆ 1,800 ಮೀಟರಿಗೂ ಹೆಚ್ಚು. ಅಂಚಿನ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷ ಹಳೆಯದು. ತಳದ ಶಿಲೆ 170 ಕೋಟಿ ವರ್ಷಕ್ಕೂ ಹಳೆಯದು. ಕೊರೆತದ ಬಹುಭಾಗ ನಡೆದುದು ಮಾತ್ರ ಕಳೆದ ಐದಾರು ದಶಲಕ್ಷ ವರ್ಷಗಳಲ್ಲಿ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬ ಒಂಟಿಕೈಯ ಸಾಹಸಿ ಒಟ್ಟು ಹತ್ತು ಜನರ ತಂಡವನ್ನೂ ನಾಲ್ಕು ದೋಣಿಗಳನ್ನೂ ಕಟ್ಟಿಕೊಂಡು ಹೊರಟು, ಈ ಕಂದರವನ್ನು ನೀರಿನ ಮೂಲಕ ಹಾದು ವರ್ಣಿಸಿದನು.

ಕಂದರ ಆಗಲು ಮೂರು ಅನುಕೂಲಗಳು ಒದಗಬೇಕು. ಒಂದು, ಎತ್ತರ. ಯಾವ ನದಿಯೂ ಸಮುದ್ರಮಟ್ಟಕ್ಕಿಂತ ಹೆಚ್ಚು ಕೆಳಗೆ ಕೊರೆಯಲಾರದು. ಕೊಲರಾಡೊ ಪ್ರಸ್ಥಭೂಮಿ ಸಮುದ್ರದಿಂದ 2,000 ಮೀಟರಿನಷ್ಟು ಮೇಲಿದೆ. ನಮ್ಮ ಪದವು 75 ಮೀಟರು. ಸ್ವರ್ಣೆಗೆ ಕೊರೆಯಲು ಉಳಿದಿರುವ ನೆಲವೇ ಇಲ್ಲ. ಎರಡು, ದೂರದ ನೀರು. ಕೊಲರಾಡೊ ನದಿಯ ನೀರು ಹಿಮ ಬೀಳುವ ರಾಕಿ ಪರ್ವತಗಳದು. ಅದು ಒಣನಾಡಿನ ನಡುವೆ ಕೆಳಮುಖವಾಗಿ ಕೊರೆಯುತ್ತ ಹೋಯಿತು. ಮೂರು, ಅಕ್ಕಪಕ್ಕದ ಒಣಹವೆ. ಬದಿಯ ಗೋಡೆಗಳ ಮೇಲೆ ಮಳೆ ಕಡಿಮೆಯಾದುದರಿಂದ ಅವು ಕೊಳೆಯದೆ, ಕುಸಿದು ಮಟ್ಟಸವಾಗದೆ, ಕಡಿದಾಗಿ ನಿಂತವು. ನಮ್ಮಲ್ಲಿ ಮಳೆ ಹೊಳೆಯ ತಳವನ್ನಷ್ಟೇ ಅಲ್ಲ, ಬದಿಯ ಗುಡ್ಡಗಳನ್ನೂ ತೊಳೆಯುತ್ತದೆ. ಕಲ್ಲು ಆಳದವರೆಗೆ ಕೊಳೆತು ಮೆದುವಾಗಿದೆ. ಹೀಗಾಗಿ ಕಣಿವೆಯ ಬಾಯಿ ಅಗಲವಾಗಿ ಬೈಲಾಯಿತು. ಅರಿಜೋನಾದ ಕಂದರ ಮಳೆಯ ಕೊರತೆಯ ಶಿಲ್ಪ. ನಮ್ಮ ಬೈಲು ಮಳೆಯ ಹೆಚ್ಚಳದ ಶಿಲ್ಪ.

ಒಮ್ಮೆ ನಮ್ಮ ಹೊಳೆಗಳಿಗೂ ಕೊರೆಯುವ ಅವಕಾಶ ಸಿಕ್ಕಿತ್ತು. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ನೀರಿನ ದೊಡ್ಡ ಪಾಲು ಹಿಮವಾಗಿ ಕಟ್ಟಿಕೊಂಡಿದ್ದಾಗ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಕಡಲತೀರ ಬಹಳ ಪಶ್ಚಿಮಕ್ಕೆ ಸರಿದಿತ್ತು. ಆಗ ಕರಾವಳಿಯ ನದಿಗಳು ತಮ್ಮ ತಳವನ್ನು ಆಳಕ್ಕೆ ಕೊರೆದವು. ಹಿಮ ಕರಗಿ ಕಡಲು ಮೇಲೇರಿದಾಗ ಆ ಕಣಿವೆಗಳಲ್ಲಿ ಹೂಳು ತುಂಬಿತು. ಇಂದು ಅಳಿವೆಯ ಬಳಿ ಕಾಣುವ ಸಮತಟ್ಟಾದ ಗದ್ದೆಗಳು ಆ ಹೂಳಿನ ಮೇಲಿನ ಗದ್ದೆಗಳು.

ಕಂದರವನ್ನೇ ನೋಡಬಯಸುವ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಗೋಕಾಕದಲ್ಲಿ ಘಟಪ್ರಭೆ 52 ಮೀಟರು ಧುಮುಕಿ ಕೊರೆದ ಕಮರಿ ಇದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರದ ಗಂಡಿಕೋಟೆಯಲ್ಲಿ ಕೊರೆದ ಕಂದರವಿದೆ. ಇವೆಲ್ಲ ಒಣನಾಡಿನಲ್ಲೇ ಇರುವುದು ಆಕಸ್ಮಿಕವಲ್ಲ.

ಹೊಳೆಯ ಎರಡು ಮುಖಗಳು

ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಕಾರ್ಕಳದ ಸೀಮೆಯನ್ನು ಹಾದು, ಸೀತಾನದಿಯೊಡನೆ ಬೆಂಗ್ರೆಯ ಬಳಿ ಕಡಲು ಸೇರುವ ಸ್ವರ್ಣೆ ಆ ಸಂಜೆ ಹೊಳೆಯಾಗಿರಲಿಲ್ಲ. ಬಂಡೆಗಳ ನಡುವಿನ ಗುಂಡಿಗಳ ಸಾಲಾಗಿತ್ತು. ಗುಂಡಿಯಿಂದ ಗುಂಡಿಗೆ ಒಂದು ಎಳೆ ನೀರು. ಮಳೆಯಿಲ್ಲದ ಐದು ತಿಂಗಳ ಕಾಲ ಆ ಎಳೆಯನ್ನು ಉಳಿಸಿದುದು ಘಟ್ಟದ ಕಾಡಿನ ನೆಲ ಮತ್ತು ಪದವಿನ ಒರತೆ. ಸ್ಪಂಜಿನ ಕೊನೆಯ ಹನಿಗಳು. ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟು ಬಹು ವರ್ಷಗಳಿಂದ ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುತ್ತ ಬಂದುದು ಈ ಹೊಳೆಯಿಂದಲೇ. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಳ ಕಂಡಾಗ ನಗರದ ನಲ್ಲಿಗಳು ಒಣಗಿದವು. ಹೊಳೆಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಹಚ್ಚಿ ಎತ್ತಬೇಕಾಯಿತು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ಸ್ವರ್ಣೆ ಉಕ್ಕಿ ತಗ್ಗಿನ ಮನೆಗಳೊಳಗೆ ನುಗ್ಗಿತು. ಬರವೂ ನೆರೆಯೂ ಒಂದೇ ಹೊಳೆಯಲ್ಲಿ, ಹದಿನಾರು ತಿಂಗಳೊಳಗೆ!

ಹೊಳೆಯ ಪಾತ್ರದಲ್ಲಿ ನಡೆಯುವವರಿಗೆ ಇಲ್ಲಿ ಇನ್ನೊಂದು ಪಾಠವಿದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕಂದರದಲ್ಲಿ ಹನ್ನೊಂದು ಮಂದಿ ನೆರೆಗೆ ಸಿಕ್ಕಿ ಸತ್ತರು. ಅವರಿದ್ದಲ್ಲಿ ಮಳೆ ಇರಲಿಲ್ಲವೆನ್ನುವಷ್ಟು ಕಡಿಮೆ. ಮೈಲುಗಟ್ಟಲೆ ಮೇಲೆ ಬಿದ್ದ ಮಳೆ ಇಕ್ಕಟ್ಟಾದ ಕಂದರದಲ್ಲಿ ಗೋಡೆಯಂತೆ ನುಗ್ಗಿ ಬಂದಿತ್ತು. ನಮ್ಮ ಹೊಳೆಗಳ ತಲೆಯೂ ಘಟ್ಟದಲ್ಲಿದೆ. ಏಪ್ರಿಲ್, ಮೇ ತಿಂಗಳ ಸಂಜೆ ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಗುಡುಗಿದರೆ, ಇಲ್ಲಿ ಬಿಸಿಲಿದ್ದರೂ ಹೊಳೆಯ ನಡುವಿನ ಬಂಡೆಯನ್ನು ಬಿಟ್ಟು ದಡಕ್ಕೆ ಬರಬೇಕು. ನೀರಿಗೆ ಕೆಂಪು ಬಣ್ಣ ಬಂದರೆ, ತರಗೆಲೆ ಕಡ್ಡಿ ತೇಲಿ ಬಂದರೆ, ಇನ್ನೂ ಬೇಗ. ಆ ಸಂಜೆ ಮೂಡಣದಲ್ಲಿ ಗುಡುಗು ಕೇಳಿದೊಡನೆ ನಾವೂ ಪಾತ್ರವನ್ನು ಬಿಟ್ಟು ದಡದ ಕಾಲುದಾರಿ ಹಿಡಿದೆವು. ಕತ್ತಲಾಗುವ ಮೊದಲು ಹಿರಿಯಡ್ಕವನ್ನು ಸೇರಿದೆವು.

ಆ ದಿನ ನಾವು ಮೂವರು ಸೇರಿ ಕುಡಿದ ನೀರು, ಮಜ್ಜಿಗೆ, ಎಳನೀರು ಎಲ್ಲ ಕೂಡಿ ಸುಮಾರು ಹನ್ನೆರಡು ಲೀಟರು. ಅಜ್ಜಿಯ ಮಾಡಿನ ಮೇಲೆ ಒಂದೇ ಮಳೆಗಾಲದಲ್ಲಿ ಬೀಳುವ ನೀರು ಇದರ ಹತ್ತಾರು ಸಾವಿರ ಪಟ್ಟು. ಮಳೆ ಬಂದು ನಾಲ್ಕೈದು ತಿಂಗಳಾದ ಮೇಲೂ ನೀರು ನೆಲದಲ್ಲಿ ನಿಂತಿರಬೇಕಾದರೆ ಅದನ್ನು ಮೇಲೆಯೇ, ಪದವಿನಲ್ಲಿಯೇ ತಡೆಯಬೇಕು: ಮದಕದ ಹೂಳು ತೆಗೆದು, ಇಳಿಜಾರಿನಲ್ಲಿ ಅಡ್ಡಗುಂಡಿ ತೋಡಿ, ಮಾಡಿನ ನೀರನ್ನು ಸೋಸಿ ಬಾವಿಗೆ ಬಿಟ್ಟು. ಜೂನ್ ತಿಂಗಳಲ್ಲಿ ನಮ್ಮ ಸೋದರಳಿಯ ರಜೆಯ ಎರಡು ದಿನಗಳನ್ನು ಆ ಮನೆಯಲ್ಲಿ ಕಳೆದ. ಮಾಡಿನ ಅಂಚಿಗೆ ದಂಬೆ ಕಟ್ಟಿ, ಜಲ್ಲಿ, ಮರಳು, ಇದ್ದಲುಗಳನ್ನು ತುಂಬಿದ ಒಂದು ಪೀಪಾಯಿಯ ಮೂಲಕ ಮಳೆನೀರನ್ನು ಬಾವಿಯ ಕಡೆಗೆ ತಿರುಗಿಸಿ ಬಂದ. ಬಾವಿಯಲ್ಲಿ ಹಗ್ಗ ಎಷ್ಟು ಇಳಿಯುತ್ತದೆಂಬುದನ್ನು ಬರುವ ಏಪ್ರಿಲಿನಲ್ಲಿ ಅಳೆದು ನೋಡಬೇಕೆಂದು ಅಜ್ಜಿಯೇ ಹಗ್ಗಕ್ಕೊಂದು ಗಂಟು ಹಾಕಿ ಇಟ್ಟಿದ್ದಾರೆ.